ಡಿಸ್ಚಾರ್ಜ್ ಆದ ಮೇಲೆ ರೋಗಿ ಯಾರ ಹೊಣೆ?

ಚಾಮರಾಜನಗರ ತಾಲೂಕಿನ ಉಮ್ಮತ್ತೂರು ಒಂದು ಕಾಲದಲ್ಲಿ ಪಾಳೆಯಗಾರರ ರಾಜಧಾನಿಯಾಗಿತ್ತು. ಶ್ರೀಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸತರಲ್ಲೇ, 1510ರ ಸುಮಾರಿಗೆ, ದಂಡೆತ್ತಿ ಬಂದದ್ದು ಈ ಊರಿನ ದೊರೆಯ ಮೇಲೆ. ಆ ಹೆಸರಿನೊಳಗೆ 'ಉಮ್ಮತ್' ಎಂಬ ಪದ ಕೇಳಿಸುತ್ತದೆ ಎಂದು ಮದ್ರಸದ ದಿನಗಳಲ್ಲಿ ನಾವು ಸಹಪಾಠಿಗಳು ತಮಾಷೆ ಮಾಡುತ್ತಿದ್ದೆವು. ಆ ಪದಕ್ಕೂ ಊರಿನ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಕಳೆದ ಕೆಲವು ವರ್ಷಗಳಿಂದ ಆ ಊರಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಉಮ್ಮತ್ತಿನ ಒಂದು ಬಾಕಿ ನನಗೆ ನೆನಪಾಗುತ್ತದೆ. ಅದರಲ್ಲಿ ನನ್ನ ಪಾಲೂ ಇದೆ.

ನನ್ನ ತಾಯಿಯ ಅಣ್ಣ, ಅಂದರೆ ನಮ್ಮ ದೊಡ್ಡ ಮಾಮು, ಅಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಅರಿಸಿನ ಬೆಳೆಯುತ್ತಾರೆ. 2023ರ ಜನವರಿಯಲ್ಲಿ ಅರಿಸಿನ ಕೀಳುವ ಸಮಯ. ಒಂದು ಸಂಜೆ ಹೊಲದ ಬದುವಿನಲ್ಲಿ ಅವರ ಕಾಲಿಗೆ ಕೊಳಕುಮಂಡಲ ಕಚ್ಚಿತು. ಮೊದಲ ಎರಡು ಗಂಟೆ ನಾಟಿ ಬೇರು ಅರೆದು ಕಟ್ಟುವುದರಲ್ಲಿ, ಊದಿಸಿಕೊಳ್ಳುವುದರಲ್ಲಿ ಕಳೆದುಹೋಯಿತು. ಆ ವಿಷಯ ಬರೆಯಹೊರಟರೆ ಅದೇ ಬೇರೊಂದು ಲೇಖನವಾದೀತು. ಕೊನೆಗೆ ಆಸ್ಪತ್ರೆ ಸೇರಿದರು, ವಿಷನಿರೋಧಕ ಚುಚ್ಚುಮದ್ದು ಸಿಕ್ಕಿತು, ಪ್ರಾಣ ಉಳಿಯಿತು. ಆದರೆ ಮೂರನೆಯ ದಿನಕ್ಕೆ ಮೂತ್ರ ನಿಂತಿತು. ಮೈಸೂರಿಗೆ ಸಾಗಿಸಿದೆವು. ಐದು ಬಾರಿ ಡಯಾಲಿಸಿಸ್ ಆಯಿತು. ಹದಿನಾರನೆಯ ದಿನ ಮಾಮು ತಮ್ಮ ಕಾಲ ಮೇಲೆ ನಡೆದು ಮನೆಗೆ ಬಂದರು.

ಆ ಹದಿನಾರು ದಿನಗಳಲ್ಲಿ ನಮ್ಮ ಜನ ಮಾಡಿದ್ದನ್ನು ನಾನು ಮರೆಯಲಾರೆ. ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಚಾದರ ಹಾಸಿ ಹಣ ಸಂಗ್ರಹಿಸಿದರು. ಪಕ್ಕದ ಹೊಲದ ಲಿಂಗಾಯತ ಗೌಡರು ಕೇಳುವ ಮೊದಲೇ ಹಣ ತಂದುಕೊಟ್ಟರು. ಆಸ್ಪತ್ರೆಯ ಹೊರಗೆ ಸರದಿಯಂತೆ ಹುಡುಗರು ಕಾವಲಿದ್ದರು. ರೋಗಿಯನ್ನು ಸಂದರ್ಶಿಸುವುದು, ಅಂದರೆ ಇಯಾದತ್, ಪ್ರವಾದಿಯವರ(ಸ) ಸುನ್ನತ್ ಎಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮಾಮು ಮನೆಗೆ ಬಂದ ದಿನ ಅವರ ಮಗಳು ಒಂದು ಫೈಲನ್ನು ನನ್ನ ಕೈಗಿತ್ತು, "ಭಾಯಿ, ಇದರಲ್ಲಿ ಏನು ಬರೆದಿದ್ದಾರೆ ಓದಿ ಹೇಳಿ" ಎಂದಳು. ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಪುಟಗಳ ಡಿಸ್ಚಾರ್ಜ್ ಚೀಟಿ. ಕ್ರಿಯಾಟಿನಿನ್ 2.4 ಎಂದಿತ್ತು. ಒಂದು ವಾರದ ಬಳಿಕ ಮತ್ತೆ ಬರಬೇಕು ಎಂದು ಕೊನೆಯ ಸಾಲಿನಲ್ಲಿತ್ತು. ಅರಬಿ ವ್ಯಾಕರಣದ ಗ್ರಂಥಗಳನ್ನು ಓದಿದ, ಮೇಲೆ ಬಿ.ಎ. ಪದವಿಯನ್ನೂ ಪಡೆದ ನಾನು ಆ ಪುಟಗಳನ್ನು ಓದಿದೆ. 2.4 ಎಂದರೆ ಹೆಚ್ಚೋ ಕಡಿಮೆಯೋ ನನಗೆ ತಿಳಿಯಲಿಲ್ಲ. ಯಾರನ್ನೂ ಕೇಳಲೂ ಇಲ್ಲ. "ಎಲ್ಲ ಗುಣವಾಗಿದೆ, ಮಾತ್ರೆಗಳನ್ನು ಸರಿಯಾಗಿ ಕೊಡಿ" ಎಂದು ಹೇಳಿ ಫೈಲು ಮಡಚಿ ಕೊಟ್ಟೆ.

ಆರೋಗ್ಯವಂತ ವ್ಯಕ್ತಿಯ ರಕ್ತದಲ್ಲಿ ಕ್ರಿಯಾಟಿನಿನ್ ಪ್ರಮಾಣವು ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರುತ್ತದೆ. ಇದು ನಮ್ಮ ಸ್ನಾಯುಗಳಿಂದ ಹುಟ್ಟುವ ಒಂದು ತ್ಯಾಜ್ಯ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಸೋಸುವ ಶಕ್ತಿ ಕುಂದಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಅಂದರೆ ಮಾಮು ನಡೆದು ಮನೆಗೆ ಬಂದ ದಿನ ಅವರ ಮೂತ್ರಪಿಂಡಗಳು ತಮ್ಮ ಶಕ್ತಿಯ ಅರ್ಧವನ್ನೂ ಮರಳಿ ಪಡೆದಿರಲಿಲ್ಲ. ಅದು ಆ ಕಾಗದದಲ್ಲಿ ಸ್ಪಷ್ಟವಾಗಿತ್ತು. ಕಾಗದ ನನ್ನ ಕೈಯಲ್ಲಿತ್ತು.

ವೈದ್ಯರು ಅಕ್ಯೂಟ್ ಕಿಡ್ನಿ ಇಂಜುರಿ ಎಂದು ಕರೆಯುವ ಈ ಹಠಾತ್ ಹಾನಿಯು ಮೂತ್ರಪಿಂಡದ ಹಳೆಯ ಕಾಯಿಲೆಗಿಂತ ಭಿನ್ನವಾದುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ವರ್ಷಗಟ್ಟಲೆ ಸವೆಯುವ ಮೂತ್ರಪಿಂಡದ ಕಥೆ ಒಂದು. ನಿನ್ನೆಯವರೆಗೆ ಚೆನ್ನಾಗಿದ್ದ ಮೂತ್ರಪಿಂಡವು ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕುಸಿಯುವುದು ಇನ್ನೊಂದು. ವಾಂತಿಭೇದಿಯಿಂದ ದೇಹದ ನೀರು ಬತ್ತುವುದು, ಹಾವಿನ ವಿಷ, ಮಲೇರಿಯಾ, ಇಲಿ ಜ್ವರ, ರಕ್ತಕ್ಕೆ ಹಬ್ಬಿದ ಸೋಂಕು, ಹೆರಿಗೆಯ ರಕ್ತಸ್ರಾವ, ನೋವಿನ ಮಾತ್ರೆಗಳ ಅತಿಬಳಕೆ, ಭಸ್ಮ ಬೆರೆಸಿದ ನಾಟಿ ಔಷಧಿ, ಮೂತ್ರಮಾರ್ಗಕ್ಕೆ ಅಡ್ಡ ಬಿದ್ದ ಕಲ್ಲು ಇವೆಲ್ಲವೂ ಇದಕ್ಕೆ ಕಾರಣವಾಗಬಲ್ಲವು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಬದುಕಿನಲ್ಲಿ ಇವುಗಳಲ್ಲಿ ಬಹುತೇಕ ಎಲ್ಲವೂ ಇವೆ. ಹೊಲಗದ್ದೆಗಳಲ್ಲಿ ಕೊಳಕುಮಂಡಲವಿದೆ. ಗುಂಡ್ಲುಪೇಟೆ ಭಾಗದಿಂದ ಕೂಲಿಗಾಗಿ ವಯನಾಡಿನ ಶುಂಠಿ ಹೊಲಗಳಿಗೆ ಹೋಗುವವರು ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಾರೆ. ಇಲಿ ಜ್ವರದ ರೋಗಾಣು ದೇಹ ಸೇರುವುದು ಇಂತಹ ಕೆಸರಿನಿಂದ, ಕಾಲಿನ ಬಿರುಕುಗಳ ಮೂಲಕ. 2018ರ ಪ್ರವಾಹದ ಬಳಿಕ ಕೇರಳದಲ್ಲಿ ಈ ಜ್ವರ ಹೇಗೆ ಹಬ್ಬಿತೆಂಬುದನ್ನು ಓದುಗರು ಮರೆತಿರಲಾರರು.

ಹಠಾತ್ ಹಾನಿಯ ವಿಷಯದಲ್ಲಿ ಸಮಾಧಾನದ ಸಂಗತಿಯೂ ಇದೆ. ಹಳೆಯ ಕಾಯಿಲೆಯಲ್ಲಿ ಸವೆದದ್ದು ಮರಳುವುದಿಲ್ಲ. ಹಠಾತ್ ಹಾನಿಯಲ್ಲಿ ಅನೇಕರ ಮೂತ್ರಪಿಂಡಗಳು ಚೇತರಿಸಿಕೊಳ್ಳುತ್ತವೆ. ಆದ್ದರಿಂದ "ಒಮ್ಮೆ ಡಯಾಲಿಸಿಸ್ ಹತ್ತಿಸಿದರೆ ಸಾಯುವವರೆಗೆ ಬಿಡುವುದಿಲ್ಲ" ಎಂಬ ನಂಬಿಕೆಯಿಂದ ಚಿಕಿತ್ಸೆಯನ್ನೇ ನಿರಾಕರಿಸುವುದು ದೊಡ್ಡ ತಪ್ಪು. ಇದರ ಇನ್ನೊಂದು ಮಗ್ಗುಲು ಬಹಳ ಮಂದಿಗೆ ತಿಳಿಯದು. ಡಯಾಲಿಸಿಸ್ ಮುಂದುವರಿಯುತ್ತಿರುವಾಗಲೇ ಮನೆಗೆ ಕಳುಹಿಸಲ್ಪಟ್ಟ ರೋಗಿಗಳಲ್ಲೂ ಕೆಲವರ ಮೂತ್ರಪಿಂಡಗಳು ಮೂರು ತಿಂಗಳೊಳಗೆ ಮತ್ತೆ ಕೆಲಸ ಆರಂಭಿಸುತ್ತವೆ. ಮೂತ್ರದ ಪ್ರಮಾಣ ಹೆಚ್ಚುತ್ತಿದೆಯೇ, ಡಯಾಲಿಸಿಸ್‌ಗೆ ಮೊದಲು ತೆಗೆದ ರಕ್ತದಲ್ಲಿ ಕ್ರಿಯಾಟಿನಿನ್ ತಾನಾಗಿಯೇ ಇಳಿಯುತ್ತಿದೆಯೇ ಎಂದು ಯಾರಾದರೂ ನೋಡುತ್ತಿರಬೇಕು. ನೋಡುವವರಿಲ್ಲದಿದ್ದರೆ ಯಂತ್ರದಿಂದ ಬಿಡುಗಡೆ ಪಡೆಯಬಹುದಾಗಿದ್ದ ವ್ಯಕ್ತಿ ವಾರಕ್ಕೆ ಎರಡು ಮೂರು ಸಲ ಯಂತ್ರದ ಮುಂದೆ ಮಲಗುತ್ತಲೇ ಇರುತ್ತಾನೆ.

ಮನೆಗೆ ಮರಳಿದವರ ಅಪಾಯವೂ ಅಲ್ಲಿಗೆ ಮುಗಿಯುವುದಿಲ್ಲ. ಹಠಾತ್ ಹಾನಿಯಿಂದ ಪಾರಾದವರಿಗೆ ಮುಂದೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಬರುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು. ಹೃದ್ರೋಗ, ರಕ್ತದೊತ್ತಡದ ಅಪಾಯವೂ ಏರುತ್ತದೆ. ಆದುದರಿಂದಲೇ ಮೂತ್ರಪಿಂಡ ರೋಗಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಇಂತಹ ಪ್ರತಿಯೊಬ್ಬ ರೋಗಿಯನ್ನೂ ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಬೇಕೆಂದು ಹೇಳಿದೆ. ಗುಣವಾಗಿದೆಯೇ, ಹಳೆಯ ಕಾಯಿಲೆಯಾಗಿ ಬೇರೂರಿದೆಯೇ ಎಂಬುದು ತೀರ್ಮಾನವಾಗುವುದು ಆಗ. ಹಾನಿ ತೀವ್ರವಾಗಿದ್ದವರು, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಂಡವರು, ಮೂರು ತಿಂಗಳು ಕಾಯುವಂತಿಲ್ಲ. ಒಂದೆರಡು ವಾರಗಳಲ್ಲೇ ಮೊದಲ ತಪಾಸಣೆ ಆಗಬೇಕು.

ಮಾಮು ಒಂದು ವಾರದ ಬಳಿಕ ಹೋಗಲಿಲ್ಲ. ಒಂದು ತಿಂಗಳಾದರೂ ಹೋಗಲಿಲ್ಲ. "ಮೂತ್ರ ಚೆನ್ನಾಗಿ ಹೋಗುತ್ತಿದೆ ಬೇಟಾ, ಮತ್ತೇಕೆ ಹೋಗಬೇಕು?" ಎಂದರು. ಚೇತರಿಕೆಯ ಹಂತದಲ್ಲಿ ಮೂತ್ರ ವಿಪರೀತ ಹೋಗುವುದೂ ಉಂಟು, ಆಗ ದೇಹದ ನೀರು ಲವಣಗಳು ಅತಿಯಾಗಿ ನಷ್ಟವಾಗಬಹುದು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಿಜವಾದ ಕಾರಣ ಬೇರೆಯೇ ಇತ್ತು. ಮೈಸೂರಿಗೆ ಹೋಗಿ ಬರಲು ಒಂದು ದಿನದ ಕೆಲಸ ಹಾಳು, ಬಸ್ಸು ಬದಲಿಸುವ ತೊಂದರೆ, ಪರೀಕ್ಷೆಗೆ ಹಣ. ಆಸ್ಪತ್ರೆಯ ಸಾಲ ಇನ್ನೂ ತೀರಿರಲಿಲ್ಲ. ಮತ್ತೊಮ್ಮೆ ಜನರ ಮುಂದೆ ಕೈಚಾಚಲು ಅವರಿಗೆ ಮನಸ್ಸಾಗಲಿಲ್ಲ. ಪ್ರಾಣ ಹೋಗುತ್ತಿದೆ ಎಂದಾಗ ಚಾದರ ಹಾಸುವ ಜಮಾಅತ್ ರಕ್ತಪರೀಕ್ಷೆಗೆಂದು ಚಾದರ ಹಾಸುವುದುಂಟೇ?

ಮೂರು ತಿಂಗಳು ತುಂಬುವ ಮೊದಲೇ ಮಾರ್ಚ್ ಕೊನೆಯ ವಾರದಲ್ಲಿ ರಮಝಾನ್ ಬಂತು. ಚಾಮರಾಜನಗರದ ಬೇಸಗೆ ಎಂತಹದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಾಮು ಉಪವಾಸ ಹಿಡಿದರು. ಬೇಡ ಎಂದು ಯಾರೂ ಹೇಳಲಿಲ್ಲ. ಸಾವಿನ ಬಾಯಿಂದ ಪಾರು ಮಾಡಿದ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸುವ ರೀತಿ ಅದೆಂದೇ ಅವರು ಭಾವಿಸಿದ್ದರು. ತರಾವೀಹ್‌ನಲ್ಲಿ ನಿಂತು ಮಂಡಿ ನೋವು ಬಂದಾಗ ಅಂಗಡಿಯಿಂದ ನೋವಿನ ಮಾತ್ರೆ ತಂದು ಇಫ್ತಾರ್ ಬಳಿಕ ನುಂಗುತ್ತಿದ್ದರು. ಈದ್ ಕಳೆದ ಮೇಲೆ ಪಾದಗಳು ಊದಿಕೊಂಡವು. ಈ ಸಲ ಹೋದಾಗ ಕ್ರಿಯಾಟಿನಿನ್ 4ನ್ನು ದಾಟಿತ್ತು.

ಉಪವಾಸವೇ ಇದಕ್ಕೆ ಕಾರಣವೇ, ಮಾತ್ರೆಯೇ, ಅಥವಾ ಹಾವಿನ ವಿಷದ ಹಾನಿ ಮೊದಲಿಂದಲೂ ಗುಣವಾಗಿರಲಿಲ್ಲವೇ ಎಂದು ನಾನು ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ನಡುವಿನ ಒಂದು ಪರೀಕ್ಷೆಯ ಫಲಿತಾಂಶವಾದರೂ ಇದ್ದಿದ್ದರೆ ಹೇಳಬಹುದಿತ್ತಂತೆ.

ಇಲ್ಲಿ ಉಲಮಾಗಳ ಮುಂದೆ ಒಂದು ಮಾತನ್ನು ವಿನಯದಿಂದ ಇಡಬಯಸುತ್ತೇನೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ, ಬಿಟ್ಟ ಉಪವಾಸಗಳನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸಬಹುದು, ಗುಣವಾಗುವ ನಿರೀಕ್ಷೆಯೇ ಇಲ್ಲದವರು ಫಿದ್ಯಾ ನೀಡಬಹುದು ಎಂಬುದನ್ನು ನಾವು ಪ್ರತಿವರ್ಷವೂ ಖುತ್ಬಾದಲ್ಲಿ ಹೇಳುತ್ತೇವೆ. ಆದರೆ ರೋಗಿ ಎಂದರೆ ಹಾಸಿಗೆ ಹಿಡಿದವನು ಎಂದೇ ನಮ್ಮ ಜನ ತಿಳಿದಿದ್ದಾರೆ. ಎದ್ದು ಓಡಾಡುವ, ಮಸೀದಿಗೆ ನಡೆದು ಬರುವ, ಮುಖದಲ್ಲಿ ಕಳೆಯಿರುವ ವ್ಯಕ್ತಿಯೂ ರೋಗಿಯಾಗಿರಬಹುದು ಎಂಬುದನ್ನು ಅವರು ಒಪ್ಪುವುದಿಲ್ಲ. ನುರಿತ ವೈದ್ಯನ ಮಾತಿಗೆ ಈ ವಿಷಯದಲ್ಲಿ ಪ್ರಾಮಾಣ್ಯವಿದೆ ಎಂದು ನಾವು ಮದ್ರಸದಲ್ಲಿ ಓದಿದ ಫಿಕ್ಹ್ ಗ್ರಂಥಗಳೇ ಹೇಳುತ್ತವೆ. ಹಾಗಿರುವಾಗ ಶಅಬಾನ್ ತಿಂಗಳ ಒಂದು ಖುತ್ಬಾದಲ್ಲಿ, "ಕಳೆದ ಒಂದು ವರ್ಷದಲ್ಲಿ ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದ್ದವರು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿದ ಬಳಿಕವೇ ಉಪವಾಸದ ನಿರ್ಧಾರ ಕೈಗೊಳ್ಳಿರಿ" ಎಂದು ಸ್ಪಷ್ಟವಾಗಿ ಹೇಳಲು ತಡೆಯೇನು? ಮಾಮುವಿಗೆ ಆ ಮಾತು ಮಿಂಬರ್‌ನಿಂದ ಕೇಳಿಬಂದಿದ್ದರೆ ಅವರು ಕೇಳುತ್ತಿದ್ದರು. ನಾನು ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ. ನಾನಂತೂ ಹೇಳಲಿಲ್ಲ.

ಮನೆಯವರು ಅರಿತಿರಬೇಕಾದ ಕೆಲವು ಸಂಗತಿಗಳು ದೊಡ್ಡ ವಿದ್ಯೆಯೇನಲ್ಲ. ತಪಾಸಣೆಗೆ ಹೋದಾಗ ಮೂರು ವಿಷಯ ನೋಡಲೇಬೇಕು: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನು, ಮತ್ತು ರಕ್ತದೊತ್ತಡ. ಈ ಮೂರರಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮೂತ್ರದ ಪರೀಕ್ಷೆ. ಖರ್ಚು ಕಡಿಮೆಯೆಂಬ ಕಾರಣಕ್ಕೆ ಅದಕ್ಕೆ ಬೆಲೆಯೂ ಇಲ್ಲವೆಂದು ಜನ ತಿಳಿಯುತ್ತಾರೇನೋ. ಆದರೆ ಮೂತ್ರದಲ್ಲಿ ಪ್ರೋಟೀನು ಸೋರುತ್ತಿದ್ದರೆ ಮುಂದೆ ಮೂತ್ರಪಿಂಡ ಕೆಡುವ ಸೂಚನೆ ಅದರಲ್ಲೇ ಮೊದಲು ಸಿಗುತ್ತದೆ. ಕ್ರಿಯಾಟಿನಿನ್ ಒಂದನ್ನೇ ನಂಬಿದರೆ ಮೋಸಹೋಗುವ ಸಾಧ್ಯತೆಯೂ ಇದೆ. ವಾರಗಟ್ಟಲೆ ಹಾಸಿಗೆ ಹಿಡಿದು ಮೈಯ ಮಾಂಸಖಂಡ ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾಗಿರುತ್ತದೆ. ಆಗ ಸಂಖ್ಯೆ ಚೆನ್ನಾಗಿ ಕಂಡರೂ ಮೂತ್ರಪಿಂಡ ಅಷ್ಟು ಚೆನ್ನಾಗಿರುವುದಿಲ್ಲ.

ಔಷಧಿಗಳ ವಿಷಯ ಇನ್ನೂ ಸೂಕ್ಷ್ಮ. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಆಸ್ಪತ್ರೆಯಲ್ಲಿ ನಿಲ್ಲಿಸಿರುತ್ತಾರೆ. ಮನೆಗೆ ಬಂದವರಲ್ಲಿ ಕೆಲವರು ಅವನ್ನು ಕೇಳದೆಯೇ ಮತ್ತೆ ಆರಂಭಿಸುತ್ತಾರೆ, ಕೆಲವರು ಎಂದೆಂದಿಗೂ ಬಿಟ್ಟುಬಿಡುತ್ತಾರೆ. ಎರಡೂ ಅಪಾಯವೇ. ಯಾವುದನ್ನು ಯಾವಾಗ ಮತ್ತೆ ಆರಂಭಿಸಬೇಕೆಂದು ಹೇಳಬೇಕಾದವನು ವೈದ್ಯ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳಂತೂ ಇಂತಹ ರೋಗಿಗೆ ವೈದ್ಯರನ್ನು ಕೇಳದೆ ಸಲ್ಲವು. ನಮ್ಮ ಊರುಗಳಲ್ಲಿ ಅವು ಚೀಟಿಯಿಲ್ಲದೆ, ಕೆಲವು ಸಲ ಬೀಡಿ ಬೆಂಕಿಪೊಟ್ಟಣದ ಜೊತೆಯಲ್ಲೇ, ಮಾರಾಟವಾಗುತ್ತವೆ. ಮತ್ತೆ ವಾಂತಿಭೇದಿಯೋ ಜ್ವರವೋ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಮತ್ತು ಹಿಂದೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಎಳನೀರಿನ ಬಗ್ಗೆಯೂ ಹೇಳದೆ ಮುಂದೆ ಹೋಗಲಾರೆ. ರೋಗಿಯನ್ನು ನೋಡಲು ಹೋಗುವವರು ಎಳನೀರು, ಬಾಳೆಹಣ್ಣು ಒಯ್ಯುವುದು ಈ ಸೀಮೆಯ ಪದ್ಧತಿ. ಇವೆರಡರಲ್ಲೂ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡದಿರುವಾಗ ಅದು ರಕ್ತದಲ್ಲಿ ಶೇಖರಗೊಂಡು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಹಾಗೆಂದು ಎಲ್ಲರೂ ಇವನ್ನು ಬಿಡಬೇಕೆಂದಲ್ಲ. ಚೆನ್ನಾಗಿ ಚೇತರಿಸಿಕೊಂಡವರಿಗೆ ಈ ನಿರ್ಬಂಧ ಬೇಕಾಗಲಿಕ್ಕಿಲ್ಲ. ನೀರಿನ ವಿಷಯವೂ ಹೀಗೆಯೇ. ಒಬ್ಬನಿಗೆ ಧಾರಾಳ ಕುಡಿ ಎನ್ನುತ್ತಾರೆ, ಇನ್ನೊಬ್ಬನಿಗೆ ಅಳೆದು ಕುಡಿ ಎನ್ನುತ್ತಾರೆ. ನೆರೆಮನೆಯವರ ಸಲಹೆಯಿಂದ ತೀರ್ಮಾನವಾಗುವ ವಿಷಯ ಇದಲ್ಲ, ಪರೀಕ್ಷೆಯ ಫಲಿತಾಂಶದಿಂದ ಆಗಬೇಕಾದದ್ದು.

ಇಷ್ಟೆಲ್ಲ ಮನೆಯವರ ಮತ್ತು ಮಹಲ್ಲಾದ ಹೊಣೆ. ಸರಕಾರದ ಹೊಣೆ ಏನು?

2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರಲ್ಲಿ ಕೆಲವರಿಗೆ ಮೂತ್ರಪಿಂಡಗಳ ಹಠಾತ್ ಹಾನಿಯೂ ಬಹು ಅಂಗಾಂಗ ವೈಫಲ್ಯವೂ ಉಂಟಾಯಿತು. ಒಬ್ಬರ ಹಿಂದೆ ಒಬ್ಬರಂತೆ ಐವರು ತಾಯಂದಿರು ತೀರಿಕೊಂಡರು. ಅವರಲ್ಲಿ ನಮ್ಮ ಸಮುದಾಯದ ಹೆಣ್ಣುಮಕ್ಕಳೂ ಇದ್ದರು. ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು, ಮೃತರ ಕುಟುಂಬಗಳಿಗೆ ಪರಿಹಾರ ಘೋಷಣೆಯಾಯಿತು, ವಿಧಾನಮಂಡಲದಲ್ಲಿ ಕೋಲಾಹಲವೆದ್ದಿತು. ಆಗಬೇಕಾದದ್ದೇ. ಆದರೆ ಅದೇ ಹಾನಿಗೆ ತುತ್ತಾಗಿ ಬದುಕುಳಿದು ಮನೆಗೆ ಮರಳಿದ ತಾಯಂದಿರ ಬಗ್ಗೆ ಆಡಳಿತ ಪಕ್ಷವಾಗಲಿ ವಿರೋಧ ಪಕ್ಷವಾಗಲಿ ಅಷ್ಟೇ ಗಟ್ಟಿಯಾಗಿ ಮಾತನಾಡಿದ್ದು ಯಾರಿಗಾದರೂ ನೆನಪಿದೆಯೇ? ಮೂತ್ರಪಿಂಡದ ಹಠಾತ್ ಹಾನಿಯಿಂದ ಪೂರ್ಣ ಗುಣವಾದ ಮಹಿಳೆಗೂ ಮುಂದಿನ ಗರ್ಭದಲ್ಲಿ ರಕ್ತದೊತ್ತಡ ಏರಿ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಎರಡು ವರ್ಷಗಳ ಬಳಿಕ ಬೇರೊಂದು ಆಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯರ ಮುಂದೆ ಕುಳಿತಾಗ ಆಕೆ ಇದನ್ನು ಹೇಳಬೇಕು. ಹೇಳಲು ಆಕೆಗೆ ಯಾರಾದರೂ ತಿಳಿಸಿರಬೇಕು.

ಸತ್ತವರನ್ನು ಎಣಿಸಿ ಪರಿಹಾರ ಕೊಟ್ಟು ಕಡತ ಮುಚ್ಚುವ ಕ್ರಮ ನಮ್ಮ ಜಿಲ್ಲೆಗೆ ಹೊಸದಲ್ಲ. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ ಮೈಸೂರಿನ ಆಸ್ಪತ್ರೆಗಳನ್ನು ತುಂಬಿದರು. ಅದು ಮೂತ್ರಪಿಂಡದ ಪ್ರಕರಣವಲ್ಲ. ಆದರೂ ಹೇಳುತ್ತೇನೆ: 17 ಎಂಬ ಸಂಖ್ಯೆ ಜಿಲ್ಲೆಯ ಎಲ್ಲರ ಬಾಯಲ್ಲೂ ಇದೆ, ಉಳಿದವರ ಸಂಖ್ಯೆ 'ನೂರಕ್ಕೂ ಹೆಚ್ಚು' ಎಂದಷ್ಟೇ ಇದೆ.

ಮನಸ್ಸು ಮಾಡಿದರೆ ಸರಕಾರಕ್ಕೆ ಇದು ಅಸಾಧ್ಯವೇನಲ್ಲ. ಕ್ಷಯ ರೋಗಿಯ ಹೆಸರು ದಾಖಲಾದರೆ ಔಷಧಿ ಮುಗಿಯುವವರೆಗೆ ಆರೋಗ್ಯ ಇಲಾಖೆ ಆತನ ಬೆನ್ನು ಬಿಡುವುದಿಲ್ಲ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಯಿದ್ದ ನೆರವು 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ. ಮಗು ಹುಟ್ಟಿದರೆ ಆಶಾ ಕಾರ್ಯಕರ್ತೆ 42 ದಿನಗಳವರೆಗೆ ಗೊತ್ತಾದ ದಿನಗಳಂದು ಮನೆಗೆ ಬರುತ್ತಾಳೆ. ಕರ್ನಾಟಕವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇದು ನಿಜಕ್ಕೂ ಮೆಚ್ಚತಕ್ಕ ಕ್ರಮ. ಹಾವು ಕಚ್ಚಿದವರ ಹೆಸರು ಈಗ ದಾಖಲೆಗೆ ಬರುತ್ತಿದೆಯಾದರೆ, ಅವರಲ್ಲಿ ಮೂತ್ರಪಿಂಡಕ್ಕೆ ಹಾನಿಯಾದವರು ಯಾರು, ಮೂರು ತಿಂಗಳ ಬಳಿಕ ಅವರ ಕ್ರಿಯಾಟಿನಿನ್ ಎಷ್ಟು ಎಂಬ ಎರಡು ಅಂಕಣಗಳನ್ನು ಅದೇ ದಾಖಲೆಗೆ ಸೇರಿಸಲು ಹೊಸ ಇಲಾಖೆಯೇನೂ ಬೇಕಾಗಿಲ್ಲ.

ಹಣದ ವಿಷಯದಲ್ಲೂ ಒಂದು ವಿಚಿತ್ರವಿದೆ. ಆಯುಷ್ಮಾನ್ ಭಾರತ್ ಯೋಜನೆಯು ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಒಳರೋಗಿ ಚಿಕಿತ್ಸೆಯ ಭರವಸೆ ನೀಡುತ್ತದೆ. ಬಿಡುಗಡೆಯ ನಂತರದ ಖರ್ಚು ಅದರಲ್ಲಿ ಸೇರುವುದು 15 ದಿನಗಳಿಗೆ ಮಾತ್ರ. ವೈದ್ಯಶಾಸ್ತ್ರ ಹೇಳುವುದು 90 ದಿನ. ನಡುವಿನ 75 ದಿನಗಳನ್ನು ರೋಗಿ ತನ್ನ ಜೇಬಿನಿಂದಲೇ ದಾಟಬೇಕು. ಆ ಅವಧಿಯಲ್ಲಿ ಬೇಕಾಗುವುದು ಒಂದೆರಡು ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಬಸ್ಸಿನ ಹಣ. ಅಷ್ಟನ್ನು ಉಳಿಸಿದ ಸರಕಾರ ಮುಂದೆ ಅದೇ ವ್ಯಕ್ತಿಗೆ ವರ್ಷಗಟ್ಟಲೆ ಉಚಿತ ಡಯಾಲಿಸಿಸ್ ಒದಗಿಸಲು ಸಿದ್ಧವಿದೆ! 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರ ಪಾಲಿಗೆ ದೊಡ್ಡ ಆಸರೆಯೇ ಸರಿ, ಅದನ್ನು ಹಳಿಯುತ್ತಿಲ್ಲ. ಆದರೆ ಯಂತ್ರದ ಬಳಿ ಹೋಗದಂತೆ ತಡೆಯುವ ಪರೀಕ್ಷೆಗೆ ಯೋಜನೆ ಇಲ್ಲವೆಂಬುದು ಯೋಚಿಸಬೇಕಾದ ಸಂಗತಿ. ಇನ್ನೊಂದು ಮಾತು: ಶಕ್ತಿ ಯೋಜನೆಯಿಂದಾಗಿ ಮಾಮಿಗೆ ಮೈಸೂರಿಗೆ ಉಚಿತ ಪ್ರಯಾಣ, ಜೊತೆಯಲ್ಲಿ ಕುಳಿತ ರೋಗಿಗೆ ಟಿಕೆಟ್.

ಚಾಮರಾಜನಗರಕ್ಕೆ 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಸ್ವತಃ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಮೂತ್ರಪಿಂಡ ತಜ್ಞರು ನಗರಗಳಲ್ಲೇ ಸೇರಿಕೊಂಡಿರುವುದು ಇಡೀ ದೇಶದ ಸಮಸ್ಯೆ, ಅದು ಒಂದು ದಿನದಲ್ಲಿ ನೀಗದು. ಆದರೆ ಈ ಮೂರು ಪರೀಕ್ಷೆಗಳಿಗೆ ತಜ್ಞರು ಬೇಕಿಲ್ಲ. ತಾಲೂಕು ಆಸ್ಪತ್ರೆಯ ಪ್ರಯೋಗಾಲಯ, ಒಬ್ಬ ಸಾಮಾನ್ಯ ವೈದ್ಯ ಸಾಕು. ಫಲಿತಾಂಶ ಸರಿಯಿಲ್ಲದವರನ್ನು ಮಾತ್ರ ಮೈಸೂರಿಗೆ ಕಳುಹಿಸಿದರಾಯಿತು. ಇನ್ನು ಡಿಸ್ಚಾರ್ಜ್ ಚೀಟಿಯ ಕೊನೆಗೆ, "ನಿಮ್ಮ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಇಂಥ ದಿನಾಂಕದಂದು ಈ ಪರೀಕ್ಷೆ ಮಾಡಿಸಿರಿ, ನೋವಿನ ಮಾತ್ರೆ ನುಂಗಬೇಡಿರಿ" ಎಂದು ಕನ್ನಡದಲ್ಲಿ ಮೂರು ಸಾಲು ಬರೆಯಬೇಕೆಂದು ಆರೋಗ್ಯ ಇಲಾಖೆ ಆದೇಶ ಹೊರಡಿಸಲು ಖಜಾನೆಯಿಂದ ಒಂದು ರೂಪಾಯಿಯೂ ಬೇಡ. ನಮ್ಮ ಶಾಸಕರು ಸದನದಲ್ಲಿ ಕೇಳಬಹುದಾದ ಪ್ರಶ್ನೆಯಿದು. ಕೇಳುವಂತೆ ಅವರನ್ನು ಒತ್ತಾಯಿಸಬೇಕಾದವರು ಮತ ಹಾಕಿದ ನಾವು.

ಆದೇಶ ಬರುವವರೆಗೆ ಜಮಾಅತ್‌ಗಳು ಕೈಕಟ್ಟಿ ಕೂರಬೇಕಾಗಿಲ್ಲ. ಬಹುತೇಕ ಮಸೀದಿಗಳಲ್ಲಿ ಬೈತುಲ್ ಮಾಲ್ ಇದೆ. ವೈದ್ಯಕೀಯ ನೆರವಿನ ಅರ್ಜಿಗಳಲ್ಲಿ ಮಂಜೂರಾಗುವುದು ಶಸ್ತ್ರಚಿಕಿತ್ಸೆ, ಐಸಿಯು, ಡಯಾಲಿಸಿಸ್. ದೊಡ್ಡ ಮೊತ್ತ, ದೊಡ್ಡ ಪುಣ್ಯ ಎಂಬ ಭಾವನೆ ಎಲ್ಲೋ ನಮ್ಮೊಳಗೆ ಬೇರೂರಿದೆ. ನಾನು ಜಮಾಅತ್‌ನ ಹಿರಿಯರೊಬ್ಬರ ಬಳಿ ಈ ವಿಷಯ ಎತ್ತಿದಾಗ ಅವರು ಪ್ರಾಮಾಣಿಕವಾಗಿಯೇ ಹೇಳಿದರು: "ಮೌಲಾನಾ, ಸಾಯುವವನಿಗೆ ಕೊಡಿ ಎಂದರೆ ಜನ ಕೊಡುತ್ತಾರೆ. ಬದುಕಿರುವವನ ಮೂತ್ರ ಪರೀಕ್ಷೆಗೆ ಕೊಡಿ ಎಂದು ಮೈಕಿನಲ್ಲಿ ಹೇಗೆ ಹೇಳಲಿ?" ಮೈಕಿನಲ್ಲಿ ಹೇಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಯ ಬಿಲ್ಲಿಗೆಂದು ಸಂಗ್ರಹವಾದ ಹಣದಲ್ಲೇ ಒಂದು ಸಣ್ಣ ಪಾಲನ್ನು ಮೂರು ತಿಂಗಳ ತಪಾಸಣೆಗೆಂದು ತೆಗೆದಿಟ್ಟು, ಒಂದು ನೋಟುಬುಕ್ಕಿನಲ್ಲಿ ರೋಗಿಯ ಹೆಸರು ಮತ್ತು ತಪಾಸಣೆಯ ದಿನಾಂಕ ಬರೆದಿಟ್ಟರೆ ಸಾಕು. ಆಸ್ಪತ್ರೆಯ ಹೊರಗೆ ರಾತ್ರಿಯೆಲ್ಲ ಕಾದ ಹುಡುಗರಲ್ಲೇ ಒಬ್ಬ ಆ ದಿನ ರೋಗಿಯ ಜೊತೆಗೆ ಹೋಗಲಿ. ಆ ನೋಟುಬುಕ್ಕಿನಲ್ಲಿ ಪಕ್ಕದ ಬೀದಿಯ ಸಹೋದರ ಧರ್ಮೀಯರ ಹೆಸರೂ ಇರಲಿ. ಮಾಮುವಿನ ಆಸ್ಪತ್ರೆ ಖರ್ಚಿಗೆ ಹಣ ತಂದುಕೊಟ್ಟ ಗೌಡರು ಧರ್ಮ ಕೇಳಿ ಕೊಟ್ಟಿರಲಿಲ್ಲ.

ಮಾಮುವಿನ ಕ್ರಿಯಾಟಿನಿನ್ ಈಗ ಎರಡರ ಆಸುಪಾಸಿನಲ್ಲಿ ನಿಂತಿದೆ. ಇನ್ನು ಅದು ಒಂದಕ್ಕೆ ಇಳಿಯಲಾರದು ಎಂದು ವೈದ್ಯರು ಹೇಳಿದ್ದಾರೆ, ಏರದಂತೆ ನೋಡಿಕೊಂಡರೆ ಡಯಾಲಿಸಿಸ್ ಇಲ್ಲದೆ ಬಹುಕಾಲ ಸಾಗಬಹುದಂತೆ. ಅರಿಸಿನದ ಕೆಲಸವನ್ನು ಮಗನಿಗೆ ಬಿಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ತಪಾಸಣೆ. ಮಗಳು ಶಾಲೆಯ ಹಳೆಯ ನೋಟುಬುಕ್ಕೊಂದರಲ್ಲಿ ದಿನಾಂಕ, ರಕ್ತದೊತ್ತಡ, ಕ್ರಿಯಾಟಿನಿನ್ ಬರೆದಿಡುತ್ತಾಳೆ. ಕಳೆದ ಸಲ ಹೋದಾಗ ಅದನ್ನು ತಂದು ನನ್ನ ಮುಂದಿಟ್ಟಳು. ಮೊದಲ ಸಾಲಿನಲ್ಲಿ 2023ರ ಜನವರಿಯ ಡಿಸ್ಚಾರ್ಜ್ ದಿನದ 2.4 ಇದೆ. ಎರಡನೆಯ ಸಾಲು ಮೇ ತಿಂಗಳದ್ದು.